ಎರಡಕ್ಷರದ ಹೆಸರು ಯಾರಿಗೆ ಸಲ್ಲಬೇಕು?

ಬೇಡುವವರು ಹಲವರಿದ್ದು, ಇರುವ ವಸ್ತು ಒಂದೇ ಆದಾಗ ಅದನ್ನು ಯಾರಿಗೆ ಕೊಡಬೇಕೆಂಬುದು ವಾಣಿಜ್ಯಶಾಸ್ತ್ರದ ಹಳೆಯ ಪ್ರಶ್ನೆ. ಬ್ಯಾಂಕಿನಲ್ಲಿ ಲಾಕರು ಖಾಲಿಯಿಲ್ಲದಿದ್ದರೆ ನಿರೀಕ್ಷಣಾ ಪಟ್ಟಿಯಿಡುತ್ತೇವೆ. ಮೊದಲು ಬಂದವರಿಗೆ ಮೊದಲ ಸರದಿ. ಖೈರತಾಬಾದಿನ ಸಾರಿಗೆ ಕಚೇರಿಯಲ್ಲಿ 9999ರಂತಹ ವಾಹನ ಸಂಖ್ಯೆಯನ್ನು ಹರಾಜು ಮಾಡುತ್ತಾರೆ. ಲಕ್ಷಗಟ್ಟಲೆ ರೂಪಾಯಿ ಸರ್ಕಾರದ ಬೊಕ್ಕಸ ಸೇರುತ್ತದೆ. ವೈದ್ಯಕೀಯ ಪದವಿಯಿಲ್ಲದವನಿಗಾದರೋ ಎಷ್ಟು ಹಣ ಕೊಟ್ಟರೂ ವೈದ್ಯನೆಂಬ ಫಲಕ ತೂಗುಹಾಕುವ ಹಕ್ಕಿಲ್ಲ. ಸರದಿ, ಹರಾಜು, ಅರ್ಹತೆ ಎಂಬ ಈ ಮೂರು ಮಾರ್ಗಗಳೂ ಇಂದು ಅಂತರಜಾಲದ ಅತಿ ಚಿಕ್ಕ ಹೆಸರುಗಳ ಹಂಚಿಕೆಯಲ್ಲಿ ಕಾಣಬರುತ್ತವೆ. ಈ ವಿಷಯದ ಎರಡು ಮುಖ್ಯ ಏರ್ಪಾಡುಗಳಿಗೆ ನಮ್ಮ ಹೈದರಾಬಾದೇ ನೆಲೆಯಾಯಿತೆಂಬುದು ಗಮನಾರ್ಹ.

ಹೆಸರಿಗೇಕೆ ಅಭಾವ?

ಅಂತರಜಾಲದ ಪ್ರತಿಯೊಂದು ತಾಣಕ್ಕೂ ಒಂದು ವಿಳಾಸವುಂಟು. ಅದರ ಬಲತುದಿಯಲ್ಲಿ ಡಾಟ್ ಕಾಮ್, ಡಾಟ್ ಇನ್ ಮುಂತಾದ ಶಾಖೆಯ ಹೆಸರಿರುತ್ತದೆ. ಅದರ ಎಡಕ್ಕೆ ನಾವು ಶುಲ್ಕ ತೆತ್ತು ನೋಂದಾಯಿಸಿಕೊಂಡ ಹೆಸರು. ಒಂದು ಶಾಖೆಯಲ್ಲಿ ಒಂದೇ ಹೆಸರು ಇಬ್ಬರಿಗೆ ದೊರೆಯದು. ಇಂಗ್ಲಿಷಿನ 26 ಅಕ್ಷರಗಳಿಂದ ಒಂದಕ್ಷರದ ಹೆಸರುಗಳು 26, ಎರಡಕ್ಷರದವು 676, ಮೂರಕ್ಷರದವು 17,576 ಮಾತ್ರ ಆಗಬಲ್ಲವು. ಬೇಡಿಕೆ ಎಷ್ಟೇ ಏರಿದರೂ 677ನೆಯ ಎರಡಕ್ಷರದ ಹೆಸರನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು.

ಮೊದಮೊದಲು ಸರದಿಯೇ ನಿಯಮವಾಗಿತ್ತು. 1993ರಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿಜ್ಞಾನಿ ಒಂದಕ್ಷರದ ಹೆಸರುಗಳನ್ನು ಕಾದಿರಿಸಿದರು. ಅಷ್ಟರೊಳಗೆ ಡಾಟ್ ಕಾಮ್ ಶಾಖೆಯಲ್ಲಿ ಕ್ಯೂ, ಎಕ್ಸ್, ಜೆಡ್ ಎಂಬ ಮೂರು ಅಕ್ಷರಗಳು ಅನ್ಯರ ಪಾಲಾಗಿದ್ದವು. ಉಳಿದ 23 ಅಕ್ಷರಗಳಿಗೆ ಬೀಗ ಬಿದ್ದಿತು. ಅವುಗಳಲ್ಲಿ ‘ಓ’ ಎಂಬ ಒಂದನ್ನು ಹರಾಜು ಮಾಡಲು ಹೆಸರುಗಳ ಅಂತರರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಐಕ್ಯಾನ್ 2019ರಲ್ಲಿ ಸಮ್ಮತಿಸಿತು. ಹರಾಜಿನ ಹಣ ಸಾರ್ವಜನಿಕ ಹಿತಕ್ಕೆ ವಿನಿಯೋಗವಾಗಬೇಕೆಂಬುದು ಅಲ್ಲಿನ ಆಶಯ.

ಹೈದರಾಬಾದಿನ ನಿರ್ಣಯ

ಎರಡಕ್ಷರದ ಹೆಸರುಗಳ ತೊಡಕು ಬೇರೆ. ಭಾರತಕ್ಕೆ ‘ಇನ್’, ಫ್ರಾನ್ಸಿಗೆ ‘ಎಫ್ಆರ್’ ಎಂಬಂತೆ ಎರಡಕ್ಷರದ ಸಂಕೇತಗಳು ರಾಷ್ಟ್ರಗಳಿಗೆ ಸಂದಿವೆ. ಹೊಸದಾಗಿ ಹುಟ್ಟಿದ ನೂರಾರು ಶಾಖೆಗಳಲ್ಲಿ ಯಾರಾದರೊಬ್ಬ ಖಾಸಗಿ ವ್ಯಕ್ತಿ ‘ಇನ್’ ಎಂಬ ಹೆಸರು ಪಡೆದರೆ, ಜನರು ಅದನ್ನು ಸರ್ಕಾರದ ತಾಣವೆಂದು ಭ್ರಮಿಸಬಹುದಲ್ಲವೆ?

ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ ಐಕ್ಯಾನ್ ಸಭೆ 2016ರ ನವೆಂಬರ್ 3ರಿಂದ 9ರವರೆಗೆ ನಮ್ಮ ನಗರದಲ್ಲಿ ನೆರೆಯಿತು. ಮೊದಲು ಪೋರ್ಟೊರಿಕೊದ ಸಾನ್ ವಾನ್ ನಗರದಲ್ಲಿ ನಡೆಯಬೇಕಾಗಿದ್ದ ಅದು ಜೀಕಾ ವೈರಾಣುವಿನ ಹಾವಳಿಯಿಂದಾಗಿ ಇಲ್ಲಿಗೆ ಬಂದಿತು. ನಿರ್ಣಯವಾದದ್ದು ನವೆಂಬರ್ 8ರಂದು. ಅದೇ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳ ರದ್ದತಿ ಘೋಷಣೆಯಾದುದರಿಂದ ಬ್ಯಾಂಕ್ ನೌಕರರಾದ ನಮಗೆ ಆ ದಿನಾಂಕ ಮರೆಯುವಂಥದಲ್ಲ!

ನಿರ್ಣಯದ ಸಾರವಿಷ್ಟು: ಎರಡಕ್ಷರದ ಹೆಸರುಗಳನ್ನು ಹಂಚಬಹುದು, ಆದರೆ ಪಡೆದವನು ತಾನು ಸರ್ಕಾರಕ್ಕೆ ಸಂಬಂಧಿಸಿದವನೆಂದು ಸುಳ್ಳು ತೋರಿಕೆ ಮಾಡಕೂಡದು, ಗೊಂದಲವಾಗಿದೆಯೆಂದು ಸರ್ಕಾರಗಳು ದೂರಿತ್ತರೆ ಶಾಖೆಯ ನಿರ್ವಾಹಕರು ವಿಚಾರಣೆ ನಡೆಸಬೇಕು. ಮೊದಲ 30 ದಿನ ಸರ್ಕಾರಗಳಿಗೇ ಅವಕಾಶ ಕೊಡುವುದು ಮಾತ್ರ ನಿರ್ವಾಹಕರ ಇಚ್ಛೆಗೆ ಬಿಟ್ಟ ಸಂಗತಿ. ಕೆಲವು ಸರ್ಕಾರಗಳಿಗೆ ಇದು ತೃಪ್ತಿ ತರಲಿಲ್ಲ. ಅವರ ಅಸಮಾಧಾನ ನಿರಾಧಾರವೆನ್ನಲಾಗದು; ಮೋಸ ನಡೆದ ಮೇಲೆ ವಿಚಾರಣೆ ಮಾಡುವುದು ರೋಗ ಬಂದ ಮೇಲಿನ ಚಿಕಿತ್ಸೆಯೇ ಹೊರತು ರೋಗನಿರೋಧವಲ್ಲ.

ಮಾಸಬ್ ಟ್ಯಾಂಕಿನ ಮಾರ್ಗ

ರೋಗನಿರೋಧದ ಉದಾಹರಣೆಯೂ ಇದೇ ಊರಿನಲ್ಲಿದೆ. ರಿಸರ್ವ್ ಬ್ಯಾಂಕು 1996ರಲ್ಲಿ ಸ್ಥಾಪಿಸಿದ ಬ್ಯಾಂಕಿಂಗ್ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ, ಐಡಿಆರ್‌ಬಿಟಿ, ಮಾಸಬ್ ಟ್ಯಾಂಕಿನಲ್ಲಿದೆ. 2025ರಲ್ಲಿ ರಿಸರ್ವ್ ಬ್ಯಾಂಕು ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ವಿಳಾಸವನ್ನು ಬ್ಯಾಂಕುಗಳಿಗಾಗಿ ಮೀಸಲಿರಿಸಿತು. ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ವಿಧಿಸಿತು. ಈ ಹೆಸರುಗಳನ್ನು ನೋಂದಾಯಿಸುವ ಏಕೈಕ ಅಧಿಕಾರ ಐಡಿಆರ್‌ಬಿಟಿಯದು. ಹರಾಜಿಗಿಟ್ಟಿದ್ದರೆ ಈ ಪದಕ್ಕೆ ಎಷ್ಟು ಬೆಲೆ ಬರುತ್ತಿತ್ತೋ! ಆದರೆ ಇಲ್ಲಿ ಹಣದ ಬಲಕ್ಕೆ ಎಡೆಯಿಲ್ಲ, ಅರ್ಹತೆಯೇ ಪ್ರಮಾಣ.

ಹೀಗಾಗಿ ನಮಗೆ ಹೊಳೆಯುವ ಸೂತ್ರವಿದು: ಕೇವಲ ಅಲಂಕಾರದ ಹೆಸರಾದರೆ ಹರಾಜಾಗಲಿ, ಅದರ ಹಣ ಸಾರ್ವಜನಿಕರಿಗೆ ಸಲ್ಲಲಿ; ಸಾಧಾರಣ ಹೆಸರಾದರೆ ಸರದಿ ಸಾಕು; ಜನರ ನಂಬಿಕೆಯನ್ನು ಹೊತ್ತ ಹೆಸರಾದರೆ ಅರ್ಹತೆಯಲ್ಲದೆ ಅನ್ಯ ಮಾರ್ಗವಿಲ್ಲ.

ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಟ್ಟಿರುವ ಹಿರಿಯ ಸದಸ್ಯರು ಒಂದು ಅಭ್ಯಾಸ ಬೆಳೆಸಿಕೊಳ್ಳುವುದು ಕ್ಷೇಮ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಅದರ ಕೊನೆಯಲ್ಲಿ ‘ಬ್ಯಾಂಕ್ ಡಾಟ್ ಇನ್’ ಇದೆಯೇ, ಅದರ ಮುಂದೆ ಮತ್ತೊಂದು ಚುಕ್ಕೆಯೂ ಪದವೂ ಅಂಟಿಕೊಂಡಿವೆಯೇ ಎಂದು ಪರೀಕ್ಷಿಸಬೇಕು. ಸಂಶಯ ಬಂದರೆ ಗುಪ್ತ ಸಂಖ್ಯೆಯನ್ನು ಒತ್ತದೆ ತಮ್ಮ ಶಾಖೆಯನ್ನು ವಿಚಾರಿಸಬೇಕು. ಹಣ ಹೋದುದು ತಿಳಿದ ಕೂಡಲೆ 1930 ಸಂಖ್ಯೆಗೆ ದೂರವಾಣಿ ಮಾಡಬೇಕು. ಇಂಥ ಸಂದರ್ಭದಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಬೆಲೆಯುಂಟು.