ನಿಫ್ಟಿಯನ್ನು ಹಿಂದಿಕ್ಕಿದಿರಾ? ಯಾವ ನಿಫ್ಟಿಯನ್ನು?

ಮುಂಬೈಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲೆಲ್ಲ ಫ್ಲ್ಯಾಟಿನ ಬೆಲೆ, ಊರಿನ ರೈಲು ಟಿಕೆಟ್, ಅಡಿಕೆ ಧಾರಣೆಯ ಮಾತು ನಡೆಯುತ್ತಿತ್ತು. ಈಗ ಅದಕ್ಕೆ ಇನ್ನೊಂದು ಸೇರಿದೆ: ‘ನಿಮ್ಮ ಪೋರ್ಟ್‌ಫೋಲಿಯೊ ಎಷ್ಟು ಕೊಟ್ಟಿತು?’ ಕೇಳಿಸಿಕೊಂಡವರು ಒಂದು ಸಂಖ್ಯೆ ಹೇಳುತ್ತಾರೆ. ಅದರ ಬೆನ್ನಿಗೇ ‘ನಿಫ್ಟಿಗಿಂತ ಇಷ್ಟು ಜಾಸ್ತಿ’ ಎಂದೂ ಸೇರಿಸುತ್ತಾರೆ. ಲೆಕ್ಕಪತ್ರ ನೋಡುವುದೇ ನನ್ನ ವೃತ್ತಿಯಾದ್ದರಿಂದ ಆ ಎರಡನೇ ಮಾತಿಗೆ ನನ್ನ ಕಿವಿ ನಿಮಿರುತ್ತದೆ. ಗಳಿಕೆ ಎಷ್ಟು ಎನ್ನುವುದಕ್ಕಿಂತ, ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ ಎನ್ನುವುದರಲ್ಲೇ ಹೆಚ್ಚಿನ ಎಡವಟ್ಟು ಅಡಗಿರುತ್ತದೆ.

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹೆಂಡತಿಯ ತಮ್ಮ ಇತ್ತೀಚೆಗೆ ಇದೇ ಮಾತು ಎತ್ತಿದ. ‘ಭಾವ, ನನ್ನ ಮೊಮೆಂಟಮ್ ಷೇರುಗಳು ಎರಡು ವರ್ಷದಲ್ಲಿ ನಿಫ್ಟಿಯನ್ನು ಹಿಂದೆ ಹಾಕಿವೆ. ಊರಿನ ಮನೆಗೆ ಅಂತ ಎಫ್‌.ಡಿ.ಯಲ್ಲಿಟ್ಟ ಇಪ್ಪತ್ತು ಲಕ್ಷವನ್ನೂ ಇದಕ್ಕೇ ಹಾಕಿಬಿಡಲಾ? ಒಮ್ಮೆ ಲೆಕ್ಕ ನೋಡಿ ಹೇಳಿ’ ಎಂದು ಎಕ್ಸೆಲ್ ಶೀಟ್ ಕಳಿಸಿದ. ಸಿರಸಿ ಹತ್ತಿರದ ಆ ಮನೆಯಲ್ಲಿ ನನ್ನ ಅತ್ತೆ, ಮಾವ ಇಬ್ಬರೇ ಇದ್ದಾರೆ. ಮಾಡು ಬಿಚ್ಚಿ ಹೊಸದಾಗಿ ಕಟ್ಟದೆ ಇನ್ನೆರಡು ಮಳೆಗಾಲ ಕಳೆಯುವುದು ಕಷ್ಟ. ಹಾಗಾಗಿ ಶೀಟನ್ನು ಒಂದೊಂದೇ ಪ್ರಶ್ನೆ ಹಾಕಿಕೊಂಡು ನೋಡಿದೆ.

ಮೊದಲು ಮೊಮೆಂಟಮ್ ಎಂದರೇನು ಎಂದು ಎರಡು ಮಾತು. ಕಳೆದ ಆರು ತಿಂಗಳು, ಒಂದು ವರ್ಷದಲ್ಲಿ ಉಳಿದವಕ್ಕಿಂತ ಹೆಚ್ಚು ಏರಿದ ಷೇರುಗಳನ್ನು ಕೊಳ್ಳುವುದು, ಅವುಗಳ ಓಟ ನಿಧಾನವಾದರೆ ಮಾರಿ ಈಗ ಓಡುತ್ತಿರುವುದನ್ನು ತರುವುದು. ಕಂಪನಿಯ ಬ್ಯಾಲೆನ್ಸ್ ಶೀಟಿಗಿಂತ ಷೇರಿನ ಬೆಲೆಯೇ ಇಲ್ಲಿ ಮುಖ್ಯ. ಇದು ಗಾಳಿಮಾತಿನ ಉಪಾಯವಲ್ಲ. 1993ರಲ್ಲಿ ನರಸಿಂಹನ್ ಜೆಗದೀಶ್ ಮತ್ತು ಶೆರಿಡನ್ ಟಿಟ್‌ಮನ್ ಅಮೆರಿಕದ ಷೇರುಗಳ ಬೆಲೆಯನ್ನು ಅಳೆದು, ಹಿಂದಿನ ತಿಂಗಳುಗಳಲ್ಲಿ ಗೆದ್ದ ಷೇರುಗಳು ಮುಂದಿನ ಕೆಲವು ತಿಂಗಳೂ ಸೋತವಕ್ಕಿಂತ ಮುಂದಿರುತ್ತವೆ ಎಂದು ತೋರಿಸಿದರು. ಆದ್ದರಿಂದ ಹುಡುಗನ ವಿಧಾನದ ಬಗ್ಗೆ ನನಗೆ ತಕರಾರಿರಲಿಲ್ಲ. ನಾನು ನೋಡಬೇಕಿದ್ದುದು ಹೋಲಿಕೆಯನ್ನು.

ಹೋಲಿಸಿದ್ದು ಯಾವುದಕ್ಕೆ?

ಅವನ ಇಪ್ಪತ್ತು ಷೇರುಗಳಲ್ಲಿ ಹೆಚ್ಚಿನವು ಮಧ್ಯಮ ಗಾತ್ರದ ಕಂಪನಿಗಳವು. ಹೋಲಿಸಿದ್ದು ದೇಶದ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50ಕ್ಕೆ. ರಾಶಿ ಅಡಿಕೆ ಮಾರಿ ಬಂದವನು ಚಾಲಿಯ ಧಾರಣೆ ತೋರಿಸಿ ‘ನನಗೆ ಒಳ್ಳೆಯ ರೇಟು ಸಿಕ್ಕಿತು’ ಎಂದಂತಾಯಿತು. ಮಧ್ಯಮ ಕಂಪನಿಗಳೆಲ್ಲ ಏರಿದ ವರ್ಷ ಕಣ್ಣು ಮುಚ್ಚಿ ಆರಿಸಿದವನೂ ನಿಫ್ಟಿ 50ನ್ನು ಸೋಲಿಸಿರುತ್ತಾನೆ.

ಸರಿಯಾದ ಎದುರಾಳಿ ಬೇರೆಯೇ ಇದೆ. ‘ನಿಫ್ಟಿ 200 ಮೊಮೆಂಟಮ್ 30’ ಎಂಬ ಸೂಚ್ಯಂಕ 200 ಕಂಪನಿಗಳಿಂದ 30ನ್ನು ಆರಿಸುತ್ತದೆ. 6 ಮತ್ತು 12 ತಿಂಗಳ ಬೆಲೆ ಏರಿಕೆಯನ್ನು ಏರಿಳಿತದ ತೀವ್ರತೆಗೆ ಹೊಂದಿಸಿ ಅಂಕ ಕೊಡುತ್ತದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ, ಪಟ್ಟಿ ಬದಲಾಗುತ್ತದೆ. ಇದನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡ್‌ಗಳು 2021ರಿಂದ ಇವೆ. ಯಾರೂ ರಾತ್ರಿ ಕೂತು ಚಾರ್ಟ್ ನೋಡದೆಯೇ ಸಿಗುವ ಮೊಮೆಂಟಮ್ ಇದು. ‘ನನ್ನ ಆಯ್ಕೆ ಇದಕ್ಕಿಂತ ಹೆಚ್ಚು ಕೊಟ್ಟಿತೇ?’ ಎನ್ನುವುದೇ ನಿಜವಾದ ಪ್ರಶ್ನೆ. ಇದರ ಪಕ್ಕದಲ್ಲಿಟ್ಟಾಗ ಹುಡುಗನ ಮುನ್ನಡೆಯ ದೊಡ್ಡ ಪಾಲು ಕರಗಿತು.

ಲಾಭಾಂಶ ಎಲ್ಲಿ ಹೋಯಿತು?

ಟಿ.ವಿ.ಯಲ್ಲಿ ಕಾಣುವ ನಿಫ್ಟಿಯಲ್ಲಿ ಬೆಲೆ ಮಾತ್ರ ಇರುತ್ತದೆ, ಕಂಪನಿಗಳು ಕೊಡುವ ಲಾಭಾಂಶ ಇರುವುದಿಲ್ಲ. ಲಾಭಾಂಶವನ್ನು ಮತ್ತೆ ತೊಡಗಿಸಿದ ಲೆಕ್ಕಕ್ಕೆ ಟೋಟಲ್ ರಿಟರ್ನ್ ಇಂಡೆಕ್ಸ್, ಅಂದರೆ ಟಿಆರ್‌ಐ ಎನ್ನುತ್ತಾರೆ. ಎರಡರ ನಡುವೆ ವರ್ಷಕ್ಕೆ ಶೇ 1ಕ್ಕಿಂತ ತುಸು ಹೆಚ್ಚಿನ ಅಂತರ ಬರುತ್ತದೆ. ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಟಿಆರ್‌ಐ ಜೊತೆಗೇ ಹೋಲಿಸಬೇಕೆಂದು ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದೆ. ಫಂಡ್ ಮ್ಯಾನೇಜರ್‌ಗೆ ಇರುವ ನಿಯಮವನ್ನು ನಾವೂ ನಮಗೆ ಹಾಕಿಕೊಳ್ಳಬೇಕು. ಹಾಗೆಯೇ ನಮ್ಮ ಬ್ಯಾಂಕ್ ಖಾತೆಗೆ ಬಂದ ಲಾಭಾಂಶವನ್ನು ನಮ್ಮ ಕಡೆಗೂ ಸೇರಿಸಬೇಕು.

ದುಡ್ಡು ಹಾಕಿದ್ದು ಯಾವಾಗ?

ಇದು ಎಲ್ಲರೂ ಜಾರುವ ಜಾಗ. ಒಂದು ಉದಾಹರಣೆ ನೋಡಿ. ಒಬ್ಬರು ಮೊದಲ ವರ್ಷ 2 ಲಕ್ಷ ರೂಪಾಯಿ ಹಾಕಿದರು. ಶೇ 40 ಏರಿ 2.80 ಲಕ್ಷವಾಯಿತು. ಖುಷಿಯಾಗಿ ಇನ್ನೂ 8 ಲಕ್ಷ ಸೇರಿಸಿದರು. ಎರಡನೇ ವರ್ಷ ಶೇ 10 ಇಳಿಯಿತು. 10.80 ಲಕ್ಷ 9.72 ಲಕ್ಷಕ್ಕೆ ಬಂತು. ವಿಧಾನದ ಗಳಿಕೆ ಕೇಳಿದರೆ ಎರಡು ವರ್ಷಕ್ಕೆ ಶೇ 26. ಜೇಬಿನ ಲೆಕ್ಕ ಕೇಳಿದರೆ 10 ಲಕ್ಷ ಹಾಕಿ 28 ಸಾವಿರ ನಷ್ಟ.

ಅದೇ ಎರಡು ವರ್ಷ ಸೂಚ್ಯಂಕ ಮೊದಲು ಶೇ 25 ಏರಿ, ಆಮೇಲೆ ಶೇ 4 ಇಳಿಯಿತು ಎನ್ನೋಣ. ಒಟ್ಟು ಶೇ 20. ಅಂದರೆ ಮೊಮೆಂಟಮ್ ಗೆದ್ದಿದೆ. ಆದರೆ ಅದೇ 2 ಲಕ್ಷ, ಅದೇ 8 ಲಕ್ಷವನ್ನು ಅದೇ ದಿನಗಳಂದು ಸೂಚ್ಯಂಕದ ಫಂಡಿಗೆ ಹಾಕಿದ್ದರೆ 10.08 ಲಕ್ಷ ಇರುತ್ತಿತ್ತು. ವಿಧಾನ ಗೆದ್ದಿತು, ಮನುಷ್ಯ ಸೋತ. ಶೇ 26 ಎಂದು ಹೇಳಿಕೊಳ್ಳುವವರು ಸುಳ್ಳು ಹೇಳುತ್ತಿಲ್ಲ. ಅವರು ಅರ್ಧ ಮಾತ್ರ ಹೇಳುತ್ತಿದ್ದಾರೆ. ಎಕ್ಸೆಲ್‌ನ ಎಕ್ಸ್‌ಐಆರ್‌ಆರ್ ಸೂತ್ರ ಇರುವುದು ಇದಕ್ಕೇ. ದುಡ್ಡು ಹೋದ ದಿನ, ಬಂದ ದಿನ ಎರಡನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಹುಡುಗನೂ ಬೋನಸ್ ಬಂದಾಗಲೆಲ್ಲ, ಬೆಲೆ ಏರಿದ ಮೇಲೆಯೇ, ದೊಡ್ಡ ಮೊತ್ತ ಸೇರಿಸಿದ್ದ.

ತೆರಿಗೆ ಕಳೆದು ಎಷ್ಟು?

ಮೊಮೆಂಟಮ್‌ನಲ್ಲಿ ಮಾರುವುದು, ಕೊಳ್ಳುವುದು ಸದಾ ನಡೆದೇ ಇರುತ್ತದೆ. 2024ರ ಜುಲೈ 23ರಿಂದ, ಒಂದು ವರ್ಷದೊಳಗೆ ಮಾರಿದ ಷೇರಿನ ಗಳಿಕೆಗೆ ಶೇ 20 ತೆರಿಗೆ. ಸೆಸ್ ಸೇರಿದರೆ ಶೇ 20.8. ವರ್ಷ ದಾಟಿದ ಗಳಿಕೆಗೆ 1.25 ಲಕ್ಷ ರೂಪಾಯಿ ಬಿಟ್ಟು ಶೇ 12.5. ಇದರ ಮೇಲೆ ಕೊಳ್ಳುವಾಗ, ಮಾರುವಾಗ ಎರಡೂ ಸಲ ಶೇ 0.1ರ ಎಸ್‌ಟಿಟಿ ಬೇರೆ.

ಇದು ಎಷ್ಟು ತಿನ್ನುತ್ತದೆ? 10 ಲಕ್ಷ ರೂಪಾಯಿ ಹತ್ತು ವರ್ಷ ಶೇ 20ರಂತೆ ಬೆಳೆಯಿತು, ಪ್ರತಿ ವರ್ಷ ಎಲ್ಲ ಗಳಿಕೆಗೂ ಅಲ್ಪಾವಧಿ ತೆರಿಗೆ ಕಟ್ಟಿದಿರಿ ಎಂದುಕೊಳ್ಳಿ. ಕೈಗೆ ಬರುವುದು ಸುಮಾರು 43.5 ಲಕ್ಷ. ಹತ್ತು ವರ್ಷ ಮುಟ್ಟದೆ ಇಟ್ಟು ಕೊನೆಯಲ್ಲಿ ಒಮ್ಮೆ ಮಾತ್ರ ತೆರಿಗೆ ಕಟ್ಟುವ ಇಂಡೆಕ್ಸ್ ಫಂಡ್ ಇಷ್ಟನ್ನೇ ಕೊಡಲು ವರ್ಷಕ್ಕೆ ಶೇ 17ರಷ್ಟು ಬೆಳೆದರೆ ಸಾಕು. ಅಂದರೆ ಮೊದಲ 3 ಅಂಶಗಳ ಮುನ್ನಡೆ ಪೂರ್ತಿ ತೆರಿಗೆಗೇ ಹೋಗುತ್ತದೆ. ಮೊಮೆಂಟಮ್ ಇಂಡೆಕ್ಸ್ ಫಂಡ್ ಒಳಗೊಳಗೇ ಷೇರು ಬದಲಾಯಿಸಿದರೂ ನಾವು ಯುನಿಟ್ ಮಾರುವವರೆಗೆ ನಮಗೆ ತೆರಿಗೆ ಬೀಳುವುದಿಲ್ಲ ಎಂಬುದನ್ನೂ ಗಮನಿಸಿ.

ಲೆಕ್ಕದಲ್ಲಿ ಕೆಟ್ಟ ಕಾಲ ಇದೆಯೇ?

ಮೊಮೆಂಟಮ್ ಬೀಳುವಾಗ ಜೋರಾಗಿ ಬೀಳುತ್ತದೆ. 2024ರ ಸೆಪ್ಟೆಂಬರ್ ಅಂತ್ಯದಿಂದ 2025ರ ಮಾರ್ಚ್ ಮೊದಲ ವಾರದವರೆಗೆ ನಿಫ್ಟಿ 50 ಸುಮಾರು ಶೇ 16 ಇಳಿದರೆ, ಮೊಮೆಂಟಮ್ ಸೂಚ್ಯಂಕ ಅದಕ್ಕಿಂತ ಬಹಳ ಹೆಚ್ಚು ಕುಸಿಯಿತು. ಇನ್ನೊಂದು ಬಗೆಯ ಪೆಟ್ಟು ಮಾರುಕಟ್ಟೆ ಚೇತರಿಸಿಕೊಳ್ಳುವಾಗ ಬೀಳುತ್ತದೆ. 2009ರ ಮಾರ್ಚ್‌ನಿಂದ ಮೇ ನಡುವೆ ಅಮೆರಿಕದಲ್ಲಿ ಹಿಂದೆ ಅತಿ ಹೆಚ್ಚು ಬಿದ್ದಿದ್ದ ಷೇರುಗಳು ಶೇ 163 ಏರಿದವು, ಹಿಂದೆ ಗೆದ್ದಿದ್ದವು ಶೇ 8 ಮಾತ್ರ. ಗೆದ್ದವನ್ನೇ ಹಿಡಿದು ಕೂತವರು ಆ ಓಟವನ್ನು ದಡದಲ್ಲಿ ನಿಂತು ನೋಡಬೇಕಾಯಿತು.

ಇನ್ನೊಂದು ಮಾತು. ಮೊಮೆಂಟಮ್ 30 ಸೂಚ್ಯಂಕದ ಅಂಕಿಗಳು 2005ರಿಂದ ಸಿಗುತ್ತವೆ. ಆದರೆ ಸೂಚ್ಯಂಕ ಹುಟ್ಟಿದ್ದು 2020ರ ಆಗಸ್ಟ್‌ನಲ್ಲಿ. ಮೊದಲ ಹದಿನೈದು ವರ್ಷದ ಸಾಧನೆ ಹಿಂದಿನ ಬೆಲೆಗಳ ಮೇಲೆ ಈಗಿನ ನಿಯಮ ಹಾಕಿ ಕಟ್ಟಿದ ಲೆಕ್ಕ. ಅದರಲ್ಲಿ ಯಾರ ದುಡ್ಡೂ ಓಡಿಲ್ಲ, ಯಾರ ನಿದ್ದೆಯೂ ಕೆಟ್ಟಿಲ್ಲ. ಅದನ್ನು ನೋಡಬೇಡಿ ಎನ್ನುವುದಿಲ್ಲ. ನಂತರದ ವರ್ಷಗಳಷ್ಟೇ ತೂಕ ಕೊಡಬೇಡಿ.

ಮನೆಯ ದುಡ್ಡಿಗೆ ಬೇರೆ ಅಳತೆ

ಇಷ್ಟೆಲ್ಲ ಆದ ಮೇಲೂ ಹುಡುಗ ಗೆದ್ದಿದ್ದ ಎಂದೇ ಇಟ್ಟುಕೊಳ್ಳೋಣ. ಆದರೂ ಊರಿನ ಮನೆಯ ಇಪ್ಪತ್ತು ಲಕ್ಷಕ್ಕೆ ನಿಫ್ಟಿ ಮಾನದಂಡವೇ ಅಲ್ಲ. ಅದರ ಮಾನದಂಡ ಮೇಸ್ತ್ರಿ, ಬಡಗಿ ಕೊಟ್ಟ ಎಸ್ಟಿಮೇಟು ಮತ್ತು ಅವರಿಗೆ ಹಣ ಕೊಡಬೇಕಾದ ತಾರೀಕು. ಆ ತಾರೀಕಿನಂದು ಷೇರುಪೇಟೆ ಯಾವ ಮನಸ್ಥಿತಿಯಲ್ಲಿರುತ್ತದೋ ಯಾರಿಗೂ ಗೊತ್ತಿಲ್ಲ. ಶೇ 30 ಇಳಿದಿದ್ದರೆ ಇಪ್ಪತ್ತು ಹದಿನಾಲ್ಕಾಗಿರುತ್ತದೆ, ಮಾಡು ಅರ್ಧಕ್ಕೆ ನಿಲ್ಲುತ್ತದೆ. ಹೊರನಾಡಿನಲ್ಲಿರುವ ನಮ್ಮ ಬಹುಪಾಲು ಉಳಿತಾಯ ಇಂಥದ್ದೇ: ಊರಿನ ಮನೆ, ತಂದೆ ತಾಯಿಯ ಆಸ್ಪತ್ರೆ, ಮಕ್ಕಳ ಕಾಲೇಜು. ಪ್ರತಿಯೊಂದಕ್ಕೂ ಒಂದು ಮೊತ್ತ, ಒಂದು ದಿನಾಂಕ ಇದೆ. ಅವನಿಗೆ ಇಷ್ಟನ್ನೇ ಹೇಳಿದೆ. ಎಫ್‌.ಡಿ. ಇದ್ದಲ್ಲೇ ಉಳಿಯಿತು. ಮೊಮೆಂಟಮ್ ಖಾತೆಯನ್ನು ಮುಚ್ಚು ಎಂದು ನಾನೂ ಹೇಳಲಿಲ್ಲ.

ನಿಮ್ಮಲ್ಲೂ ಇಂಥ ಖಾತೆ ಇದ್ದರೆ ಒಂದು ನೆರಳು ಲೆಕ್ಕ ಇಡಿ. ಷೇರಿಗೆ ದುಡ್ಡು ಹಾಕಿದ ಪ್ರತಿ ದಿನ, ಅಷ್ಟೇ ಮೊತ್ತಕ್ಕೆ ಆ ದಿನದ ಎನ್‌ಎವಿಯಲ್ಲಿ ಮೊಮೆಂಟಮ್ ಇಂಡೆಕ್ಸ್ ಫಂಡಿನ ಎಷ್ಟು ಯುನಿಟ್ ಬರುತ್ತಿತ್ತು ಎಂದು ಪಕ್ಕದ ಕಾಲಂನಲ್ಲಿ ಬರೆಯಿರಿ. ಇನ್ನೊಂದು ಕಾಲಂನಲ್ಲಿ ನಿಫ್ಟಿ 50 ಫಂಡಿನದು. ದುಡ್ಡು ತೆಗೆದಾಗ ಎರಡರಲ್ಲೂ ಅಷ್ಟೇ ತೆಗೆಯಿರಿ. ಕಟ್ಟಿದ ತೆರಿಗೆ, ಬ್ರೋಕರೇಜ್ ನಿಮ್ಮ ಕಡೆ ಕಳೆಯಿರಿ. ತಿಂಗಳಿಗೆ ಹತ್ತು ನಿಮಿಷದ ಕೆಲಸ. ಒಂದು ಏರಿಕೆ, ಒಂದು ಇಳಿಕೆ ಎರಡೂ ಕಳೆದ ಮೇಲೆ ಮೂರು ಕಾಲಂಗಳ ಕೆಳಗಿನ ಮೊತ್ತ ನೋಡಿ. ನಿಮ್ಮ ಕಾಲಂ ಮುಂದಿದ್ದರೆ ಧೈರ್ಯವಾಗಿ ಮುಂದುವರಿಸಿ. ಹಿಂದಿದ್ದರೆ ರಾತ್ರಿ ಚಾರ್ಟ್ ನೋಡುವ ಹೊತ್ತನ್ನು ಮನೆಯವರ ಜೊತೆ ಕಳೆಯಬಹುದು.