ಎಡಕ್ಕೆ ಯಾರಿದ್ದಾರೆ, ನೋಡಿ

ಬೆಳಗ್ಗೆ ಎಂಟೂವರೆಗೆ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯಲ್ಲಿ ಬಿಎಂಟಿಸಿ ಬಸ್ಸೊಂದು ಸ್ಟಾಪಿನಿಂದ ಹೊರಡುವಾಗ ಅದರ ಎಡಮಗ್ಗುಲಲ್ಲಿ ಏನೆಲ್ಲ ಇರುತ್ತದೆ? ಈಗಷ್ಟೇ ಇಳಿದವರು, ಹತ್ತಲಾಗದೆ ಉಳಿದವರು, ಮೋರಿಯ ಚಪ್ಪಡಿಗೂ ಬಸ್ಸಿಗೂ ನಡುವಿನ ಸಂದಿಯಲ್ಲಿ ತೂರುವ ಸ್ಕೂಟರು. ಚಾಲಕ ಕೂತಿರುವುದು ಎತ್ತರದಲ್ಲಿ, ಬಲತುದಿಯಲ್ಲಿ. ಎಡಮೂಲೆಗೆ ಆತುಕೊಂಡು ನಿಂತ ಮಗು ಗಾಜಿನ ಕೆಳಅಂಚಿಗಿಂತ ಕೆಳಗೇ ಉಳಿದುಬಿಡುತ್ತದೆ. ಕನ್ನಡಿಗೂ ಎಲ್ಲವೂ ಸಿಗುವುದಿಲ್ಲ.

ಚಾಲಕರು ಇದನ್ನು ಬ್ಲೈಂಡ್ ಸ್ಪಾಟ್ ಅನ್ನುತ್ತಾರೆ. ಆ ಹೆಸರು ಬಂದದ್ದು ಕಣ್ಣಿನಿಂದ. ಫ್ರಾನ್ಸಿನ ಎಡ್ಮ್ ಮಾರಿಯಟ್ 1660ರ ದಶಕದಲ್ಲಿ ಕಂಡುಕೊಂಡದ್ದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು. ಕಾಗದದ ಎಡಭಾಗದಲ್ಲಿ ಗುಣಾಕಾರದ ಗುರುತು ಹಾಕಿ, 8 ಸೆಂ.ಮೀ. ಬಲಕ್ಕೆ ಕಡಲೆಕಾಳಿನಷ್ಟು ಕಪ್ಪು ಬೊಟ್ಟಿಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುಣಾಕಾರದ ಮೇಲೇ ನೆಟ್ಟು, ಕಾಗದವನ್ನು ಮೆಲ್ಲಗೆ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರಕ್ಕೆ ಬಂದಾಗ ಬೊಟ್ಟು ಮಾಯ.

ಆಗ ಬೊಟ್ಟಿನ ಬಿಂಬ ಬೀಳುವುದು, ಸುಮಾರು ಹತ್ತು ಲಕ್ಷ ನರತಂತುಗಳು ಒಂದೇ ಕಟ್ಟಾಗಿ ಅಕ್ಷಿಪಟಲದಿಂದ ಹೊರಬೀಳುವ ಜಾಗದ ಮೇಲೆ. ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಆಕ್ಟೋಪಸ್ಸಿಗೆ ಈ ತೊಂದರೆಯಿಲ್ಲ, ಅದರ ನರಗಳು ಅಕ್ಷಿಪಟಲದ ಹಿಂಬದಿಯಿಂದಲೇ ಹೊರಡುತ್ತವೆ. ಹತ್ತು ಮೀಟರ್ ದೂರದಲ್ಲಿ ನಮ್ಮ ಕುರುಡು ಚುಕ್ಕೆಯ ಅಗಲ ಹೆಚ್ಚುಕಡಿಮೆ ಒಂದು ಮೀಟರ್. ಬೊಟ್ಟು ಹೋದ ಕಡೆ ತೂತಾಗಲಿ ಕಪ್ಪಾಗಲಿ ಕಾಣದಿರುವುದೇ ಇಲ್ಲಿನ ಸೋಜಿಗ. ಅಲ್ಲಿ ಬಿಳಿ ಕಾಗದ ಕಾಣುತ್ತದೆ! ಸುತ್ತಲಿರುವುದನ್ನೇ ಮಿದುಳು ಅಲ್ಲಿಗೂ ಹರಡಿಬಿಡುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಆದ್ದರಿಂದ ರಸ್ತೆ ಅಪಘಾತಕ್ಕೆ ಈ ಚುಕ್ಕೆಯನ್ನು ದೂರಿ ಪ್ರಯೋಜನವಿಲ್ಲ. ಮಿದುಳಿನ ಈ ತೇಪೆ ಹಾಕುವ ಚಾಳಿ ಮಾತ್ರ ಅಪಾಯದ್ದು. ಗ್ಲಾಕೋಮಾ ಬಂದವರ ಅಂಚುನೋಟ ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಕಣ್ಣು ನೆಟ್ಟಗಿದೆ ಎಂದೇ ಗಾಡಿ ಓಡಿಸುವವರು ಅವರಲ್ಲಿ ಎಷ್ಟೋ ಮಂದಿ. ನೇತ್ರತಜ್ಞರ ದೃಷ್ಟಿಕ್ಷೇತ್ರ ಪರೀಕ್ಷೆಗೆ ಕೂತಾಗಲೇ ಕಳೆದುಹೋದದ್ದರ ಲೆಕ್ಕ ಸಿಗುವುದು.

ಕಾರಿನಲ್ಲಿ ಕಾಣದ ಜಾಗಗಳು ಬೇರೆ. ಮುಂಗಾಜಿನ ಎರಡು ಬದಿಯ ಕಂಬಗಳನ್ನೇ ನೋಡಿ. ಛಾವಣಿ ಕುಸಿಯಬಾರದೆಂದು ಅವನ್ನು ದಪ್ಪ ಮಾಡಿದ್ದಾರೆ. ಇಪ್ಪತ್ತು ಮೀಟರ್ ಆಚೆಯ ಸ್ಕೂಟರು ಒಂದು ಕಂಬದ ಹಿಂದೆ ಪೂರ್ತಿ ಅಡಗಬಲ್ಲದು. ಅಡ್ಡರಸ್ತೆಯಿಂದ ಬರುವ ಗಾಡಿಯೂ ನಾವೂ ಸಮವೇಗದಲ್ಲಿ, ಒಂದೇ ಬಿಂದುವನ್ನು ಒಂದೇ ಹೊತ್ತಿಗೆ ತಲುಪುವಂತೆ ಸಾಗುತ್ತಿದ್ದರೆ ನಮ್ಮ ನೋಟದಲ್ಲಿ ಅದರ ದಿಕ್ಕು ಬದಲಾಗುವುದೇ ಇಲ್ಲ. ಕಂಬದ ಹಿಂದೆ ಸಿಕ್ಕಿದ ಗಾಡಿ ಡಿಕ್ಕಿಯ ಹತ್ತಿರ ಬರುವವರೆಗೂ ಅಲ್ಲೇ ಇರಬಹುದು! ಕೂತಲ್ಲೇ ತುಸು ಮುಂದೆ ಬಾಗಿ ನೋಡಿದರೆ ಕಂಬದ ಆಚೆ ಇಣುಕಬಹುದು. ಪಕ್ಕದ ಕನ್ನಡಿಗಳಿಗೂ ಉಪಾಯವುಂಟು. ಅವುಗಳಲ್ಲಿ ತಮ್ಮದೇ ಕಾರಿನ ಮೈ ಕಾಣುವಂತೆ ಇಟ್ಟುಕೊಳ್ಳುವವರೇ ಹೆಚ್ಚು. ಕನ್ನಡಿಯನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ ಎಂದು ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲೇ ಹೇಳಿದ್ದರು. ನಮ್ಮ ಡ್ರೈವಿಂಗ್ ಕ್ಲಾಸುಗಳು ಎಂಟು ಹಾಕಿಸುವಷ್ಟು ಮುತುವರ್ಜಿಯಿಂದ ಇದನ್ನೂ ಕಲಿಸಬಹುದಿತ್ತು.

ಸುಬ್ರಹ್ಮಣ್ಯಪುರದ ಓಣಿಗಳಲ್ಲಿ ನೀರಿನ ಟ್ಯಾಂಕರಿನವರಿಗೆ ಕಾಣದ ಜಾಗದ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ರಿವರ್ಸ್ ತೆಗೆಯುವಾಗ ಒಬ್ಬ ಇಳಿದು ಹಿಂದೆ ನಿಂತು, ಬಾಡಿ ತಟ್ಟುತ್ತ, “ಬರ್ಲಿ, ಬರ್ಲಿ, ಫುಲ್ ಕಟ್ ಮಾಡು, ಸಾಕ್!” ಎನ್ನುತ್ತಾನೆ. ಬಸ್ಸಿನಲ್ಲಿ ಆ ಕೆಲಸ ಕಂಡಕ್ಟರನ “ರೈಟ್ ರೈಟ್” ಮತ್ತು ಸೀಟಿಯದು. ಚಾಲಕನೇ ಟಿಕೆಟ್ಟನ್ನೂ ಕೊಡುವ ಬಸ್ಸುಗಳಲ್ಲಿ ಎಡಗಡೆಯ ಆ ಕಾವಲು ಇಲ್ಲ.

ಚಾಲಕರ ಆತ್ಮವಿಶ್ವಾಸದ ಕಥೆ ಇನ್ನೂ ಸ್ವಾರಸ್ಯದ್ದು. ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲ್ಗೊಂಡ ಅಮೆರಿಕದವರಲ್ಲಿ ಶೇ. 93, ಸ್ವೀಡನ್ನಿನವರಲ್ಲಿ ಶೇ. 69 ಮಂದಿ ತಮ್ಮ ಚಾಲನಾ ಕೌಶಲ ಗುಂಪಿನ ಮೇಲಿನ ಅರ್ಧದಲ್ಲಿದೆ ಎಂದರು. ಗಣಿತ ಒಪ್ಪುವ ಮಾತಲ್ಲ. ಮನೋವಿಜ್ಞಾನಿ ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ಪಕ್ಷಪಾತದ ಬಗ್ಗೆಯೇ ಕೇಳಿದರು. ಜನರಿಗೆ ಪರರ ಪಕ್ಷಪಾತ ಸಲೀಸಾಗಿ ಕಂಡಿತು, ತಮ್ಮದು ಕಡಿಮೆ ಎಂದೇ ತೋರಿತು. ತಟ್ಟೆಯ ಹೆಗ್ಗಣ ಮತ್ತು ನೊಣದ ಗಾದೆ ಬಲ್ಲ ಕನ್ನಡಿಗರಿಗೆ ಇದು ಹೊಸದೇನಲ್ಲ. ಹೊಸದಾಗಿ ತಿಳಿದದ್ದು 2012ರಲ್ಲಿ: ರಿಚರ್ಡ್ ವೆಸ್ಟ್ ಮತ್ತಿತರರ ಅಧ್ಯಯನದ ಪ್ರಕಾರ, ಬುದ್ಧಿ ಚುರುಕಾದರೆ ಈ ಕುರುಡು ಕಡಿಮೆಯಾಗುವುದಿಲ್ಲ.

ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳು ಮಾತ್ರ ಈ ಪಕ್ಷಪಾತದ ವಿಷಯದಲ್ಲಿ ಎಚ್ಚರ. ಮೌಲ್ಯಮಾಪಕರಿಗೆ ವಿದ್ಯಾರ್ಥಿಯ ಹೆಸರು ಕಾಣಿಸುವುದಿಲ್ಲ. ಸ್ನಾತಕೋತ್ತರ ಪತ್ರಿಕೆಗಳನ್ನು ಎಷ್ಟೋ ಕಡೆ ಇಬ್ಬರು ಬೇರೆಬೇರೆಯಾಗಿ ತಿದ್ದುತ್ತಾರೆ, ಅಂಕಗಳ ಅಂತರ ಮಿತಿ ಮೀರಿದರೆ ಪತ್ರಿಕೆ ಮೂರನೆಯವರ ಮೇಜಿಗೆ ಹೋಗುತ್ತದೆ.