ಸೊಳ್ಳೆ ನಿವಾರಣೆ: ದರಕ್ಕಿಂತ ಮೊದಲು ಪರವಾನಗಿ

ಮಳೆಗಾಲದಲ್ಲಿ ಅಥಣಿಯ ಅಡತಿ ಅಂಗಡಿಗಳಿಗೂ ಚಪ್ಪಲಿ ತಯಾರಿಕಾ ಘಟಕಗಳಿಗೂ ಸೊಳ್ಳೆಯ ಕಾಟ ತಪ್ಪಿದ್ದಲ್ಲ. ಔಷಧಿ ಸಿಂಪಡಿಸುವವರನ್ನು ಕರೆಸುವಾಗ ದರವನ್ನಷ್ಟೇ ವಿಚಾರಿಸಿದರೆ ಸಾಲದು. 1968ರ ಕೀಟನಾಶಕ ಕಾಯ್ದೆಯ 13ನೇ ಕಲಮಿನಂತೆ, ವಾಣಿಜ್ಯ ಕೀಟ ನಿಯಂತ್ರಣ ಕೈಗೊಳ್ಳುವವರಿಗೆ ಪರವಾನಗಿ ಕಡ್ಡಾಯ. 1971ರ ನಿಯಮಗಳ ಪ್ರಕಾರ ಅರ್ಜಿದಾರರು ಕೃಷಿ ಪದವಿಯನ್ನಾಗಲಿ, ರಸಾಯನಶಾಸ್ತ್ರವನ್ನೊಳಗೊಂಡ ವಿಜ್ಞಾನ ಪದವಿಯನ್ನಾಗಲಿ ಪಡೆದು, ಕನಿಷ್ಠ 15 ದಿನಗಳ ತರಬೇತಿ ಹೊಂದಿರಬೇಕು. ಮಾನ್ಯ ತರಬೇತಿ ಸಂಸ್ಥೆಗಳಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಹ ಒಂದು.

ಧಾನ್ಯದ ಚೀಲಗಳ ಪಕ್ಕದಲ್ಲಿಯೇ ವಿಷ ಸಿಂಪಡಿಸುವ ಕೆಲಸವಿದು. ಅರಿಯದವರ ಕೈಗೆ ಒಪ್ಪಿಸಿದರೆ ಮಾಲೂ ಕೆಟ್ಟೀತು, ಕಾರ್ಮಿಕರ ಆರೋಗ್ಯವೂ ಕೆಟ್ಟೀತು. ಆದುದರಿಂದ ವರ್ತಕ ಬಾಂಧವರು ಮೊದಲು ನಿಂತ ನೀರನ್ನು ತೆರವುಗೊಳಿಸಿ, ಬಳಿಕ ಪರವಾನಗಿ ಪರಿಶೀಲಿಸಿ, ಬಳಸಿದ ಔಷಧಿಯ ಹೆಸರನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಲೇಸು.